ತಡೆಯುವ ಕೈ ಯಾರದು?

ಇಂಗ್ಲಿಷಿನ ‘ರಿಫ್ರೇನ್’ ಎಂಬ ಕ್ರಿಯಾಪದವನ್ನು ಜಪಾನೀ ಭಾಷೆಗೆ ತರಹೊರಟವರಿಗೆ ಒಂದೇ ಮಾತು ಸಾಲದು. ಉಪ್ಪನ್ನೋ ಹೆಂಡವನ್ನೋ ಮಿತಗೊಳಿಸುವುದಾದರೆ ‘ಹಿಕಾಎರು’. ಫೋಟೊ ತೆಗೆಯಬೇಡಿ ಎಂದು ವಿನಂತಿಸಲು ‘ಎನ್‌ರ್ಯೊ’. ನಾಡಿಗೇ ಕಷ್ಟ ಬಂದಾಗ ಜನ ತಾವಾಗಿ ಹಬ್ಬ, ತಿರುಗಾಟ ಬಿಟ್ಟರೆ ‘ಜಿಶುಕು’. ಮಾಡಲಿಲ್ಲ ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಯಾರನ್ನು ನೆನೆದು ಮಾಡಲಿಲ್ಲ ಎಂಬುದೂ ಬೇಕು.

ಶಿರಸಿ ಕಡೆಯ ಎಕ್ಕಂಬಿ ಸುತ್ತಿನವರಿಗೆ ಎನ್‌ರ್ಯೊ ಹೊಸದೇನಲ್ಲ. ಊಟದ ಪಂಕ್ತಿಯಲ್ಲಿ ನೆಂಟ ಬಾಳೆಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುತ್ತಾನೆ. ‘ಸಂಕೋಚ ಮಾಡಡಿ’ ಎನ್ನುತ್ತಲೇ ಬಡಿಸುವವರು ಕೈ ಸಂದಿಯಲ್ಲಿ ಇನ್ನೊಂದು ಹೋಳಿಗೆ ಇಳಿಸುತ್ತಾರೆ. ಜಪಾನಿನ ಮನೆಗಳಲ್ಲೂ ಅತಿಥಿಗೆ ಹೇಳುವುದು ಇದನ್ನೇ: ಎನ್‌ರ್ಯೊ ಬೇಡ.

ಇಂಥ ಸೂಕ್ಷ್ಮವಿರುವ ನಾವು ಫಲಕ ಬರೆಯುವಾಗ ಮಾತ್ರ ‘ನಿಷೇಧಿಸಲಾಗಿದೆ’ ಎಂದು ಮುಗಿಸುತ್ತೇವೆ. ನಿಷೇಧಿಸಿದವರು ಅದರಲ್ಲಿಲ್ಲ, ಪಾಲಿಸಬೇಕಾದವರೂ ಇಲ್ಲ. ‘ಮರ ಕಡಿಯದಿರಿ’ ಎಂದರೆ ಬೇರೆ. ಕಡಿಯದೆ ಇರುವುದು ಆಗ ಓದುವವನದೇ ಕೆಲಸವಾಗುತ್ತದೆ.

ವಿನಯದ ಮಾತೂ ಕೋಲಾಗಬಹುದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ಜಪಾನ್ ತುರ್ತುಸ್ಥಿತಿ ಘೋಷಿಸಿದಾಗ ಮನೆಯಿಂದ ಹೊರಬಿದ್ದವರಿಗೆ ದಂಡವಿರಲಿಲ್ಲ, ಇದ್ದದ್ದು ಜಿಶುಕುವಿನ ಕೋರಿಕೆ. ಆದರೆ ತೆರೆದ ಅಂಗಡಿಗಳಿಗೆ ಬೆದರಿಕೆ ಚೀಟಿ ಅಂಟಿಸುವ ಜನ ಹುಟ್ಟಿಕೊಂಡರು. ಅವರಿಗೆ ‘ಜಿಶುಕು ಪೊಲೀಸ್’ ಎಂದೇ ಹೆಸರು ಬಿತ್ತು. ‘ಜನ ಏನಂದಾರು’ ಎಂಬ ಅಂಜಿಕೆಯನ್ನು ಸಂಯಮವೆಂದು ಅನುವಾದಿಸಿದರೆ ಅದು ಸುಳ್ಳು ಅನುವಾದ.

ನಿಜವಾದ ಸಂಯಮವನ್ನು ನೋಡಬೇಕಾದರೆ ಸೊಪ್ಪಿನ ಬೆಟ್ಟಕ್ಕೆ ಹೋಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತಿದೆ. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ತೋಟಕ್ಕೆ ಇಳಿಯುತ್ತದೆ. ಕತ್ತಿ ಹಿಡಿದು ಮರ ಹತ್ತಿದವನನ್ನು ಕಾಯಲು ಅಲ್ಲಿ ಯಾವ ಗಾರ್ಡೂ ಇರುವುದಿಲ್ಲ. ಬಲ್ಲವನು ಕೆಳಗಿನ ಟೊಂಗೆ ಸವರಿ, ಕೈಗೆಟುಕುವ ತುದಿಯನ್ನು ಬಿಟ್ಟು ಇಳಿಯುತ್ತಾನೆ. ಬರುವ ವರ್ಷವೂ ಅದೇ ಮರ ಹತ್ತಬೇಕೆಂಬುದು ಅವನ ಲೆಕ್ಕ. ಎನ್‌ರ್ಯೊ ಬರೆಯುವ ಎರಡು ಲಿಪಿಚಿಹ್ನೆಗಳಲ್ಲಿ ಒಂದರ ಅರ್ಥ ದೂರ, ಇನ್ನೊಂದರದು ಆಲೋಚನೆ.

ಹಾಗೆ ಬಿಟ್ಟು ಬದುಕಿದವರಿಗೆ ಇತರರನ್ನು ತಡೆಯುವ ಹಕ್ಕೂ ಇದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿ ಊರಿನವರು ಕಡಿಯಲು ಬಂದವರನ್ನು ತಡೆದು ಮರಗಳನ್ನು ಅಪ್ಪಿ ನಿಂತದ್ದು ಆ ಹಕ್ಕಿನಿಂದಲೇ.