ತುಂಡಾದ ನರಕ್ಕೊಂದು ಸೇತುವೆ

ಕಟಪಾಡಿಯ ಸಮೀಪದ ಶಂಕರಪುರದ ಮಲ್ಲಿಗೆ ನಾಡಿಗೆಲ್ಲ ಪರಿಚಿತ. ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟುವವರ ಬೆರಳುಗಳು ಕಣ್ಣಿನ ನೆರವಿಲ್ಲದೆಯೂ ಚುರುಕಾಗಿ ದುಡಿಯಬಲ್ಲವು. ಬೆರಳತುದಿಯ ಸ್ಪರ್ಶಜ್ಞಾನವೇ ಇದಕ್ಕೆ ಕಾರಣ. ಕತ್ತಿಯೇಟಿನಿಂದ ಅಲ್ಲಿಯ ನರ ತುಂಡಾದರೆ, ಗಾಯ ಮಾಯ್ದ ಮೇಲೂ ಬೆರಳು ಮರಗಟ್ಟಿಯೇ ಉಳಿಯಬಹುದು.

ಮಿದುಳು ಬೆನ್ನುಹುರಿಗಳಿಗೆ ಬಹುಮಟ್ಟಿಗೆ ಇಲ್ಲದ ಒಂದು ಶಕ್ತಿ ಕೈಕಾಲುಗಳ ನರಗಳಿಗುಂಟು: ಅವು ಮತ್ತೆ ಬೆಳೆಯಬಲ್ಲವು. ಕಡಿದ ಕಡೆಯಿಂದಾಚೆಗಿನ ತಂತುಗಳು ನಶಿಸುವುವೆಂದು ಆಗಸ್ಟಸ್ ವಾಲರ್ 1850ರಲ್ಲಿ ತೋರಿಸಿಕೊಟ್ಟನು. ಈಚೆಯ ತುದಿಯಿಂದ ಹೊಸ ಕುಡಿಗಳೊಡೆದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮುಂದುವರಿಯುವುವು. ಆದರೆ ನಡುವೆ ತೆರಪಿದ್ದರೆ ಅವು ದಾರಿತಪ್ಪಿ ಗಂಟುಗಟ್ಟಿಕೊಳ್ಳುವುವು.

ಈ ತೆರಪನ್ನು ತುಂಬಲು ಶಸ್ತ್ರವೈದ್ಯರು ಕಾಲಿನ ನರವೊಂದನ್ನು ತೆಗೆದು ಕಸಿಮಾಡುವುದುಂಟು. ಪಾದದ ಹೊರ ಅಂಚು ಮರಗಟ್ಟುವುದೇ ಅದಕ್ಕೆ ತೆರಬೇಕಾದ ಬೆಲೆ. ತೆರಪು ಸುಮಾರು 3 ಸೆಂಟಿಮೀಟರಿನೊಳಗಿದ್ದರೆ ಇನ್ನೊಂದು ಉಪಾಯವಿದೆ. ಕೊಲಾಜೆನ್, ಪಾಲಿಗ್ಲೈಕಾಲಿಕ್ ಆಮ್ಲ, ಕೈಟೊಸಾನ್ ಮೊದಲಾದವುಗಳಿಂದ ಮಾಡಿದ ಪುಟ್ಟ ನಳಿಕೆಯ ಎರಡು ಬಾಯಿಗಳಲ್ಲಿ ನರದ ಎರಡು ತುದಿಗಳನ್ನು ಸೇರಿಸಿ ಹೊಲಿಯುವರು. ತಂತುಗಳು ಅದರೊಳಗೆ ಸಾಗಿ ಆಚೆಯ ದಡ ಸೇರುವುವು. ನಳಿಕೆ ಕ್ರಮೇಣ ಕರಗಿಹೋಗುವುದು. ಇವುಗಳಲ್ಲಿ ಕೈಟೊಸಾನನ್ನು ಪಡೆಯುವುದು ಸೀಗಡಿ, ಏಡಿಗಳ ಚಿಪ್ಪಿನಿಂದ. ಮಲ್ಪೆಯ ಕಡಲತಡಿಯವರಿಗೆ ಇದು ಅಪರೂಪದ ವಸ್ತುವೇ?

ಇಷ್ಟಾದರೂ, ನಳಿಕೆಯೊಂದನ್ನೇ ನಂಬಿ ಕುಳಿತುಕೊಳ್ಳುವುದು ಅವಿವೇಕವೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಲಿ. ಮೊಣಕೈಯ ಬಳಿ ಕಡಿದ ನರ ಅಂಗೈಯ ಸ್ನಾಯುಗಳನ್ನು ತಲುಪಲು 30 ಸೆಂಟಿಮೀಟರು ಬೆಳೆಯಬೇಕೆಂದರೆ, 300 ದಿನಗಳು ಬೇಕು. ನರದ ಸಂಪರ್ಕವಿಲ್ಲದೆ ಒಂದು, ಒಂದೂವರೆ ವರ್ಷ ಕಳೆದ ಸ್ನಾಯು ಚೇತರಿಸಿಕೊಳ್ಳುವುದು ಬಲು ಕಷ್ಟ. ಗಾಯವಾದ 6 ತಿಂಗಳ ಮೇಲೆ ವೈದ್ಯರಲ್ಲಿಗೆ ಹೋದವನಿಗೆ ಉಳಿಯುವ ಅವಕಾಶವೆಷ್ಟು? ಎಷ್ಟೇ ಉತ್ತಮವಾದ ನಳಿಕೆಯಾದರೂ ಕಳೆದ ಕಾಲವನ್ನು ಮರಳಿ ತಂದುಕೊಡಲಾರದು.

ಹೊರಗಿನ ಚರ್ಮ ಕೂಡಿಕೊಂಡಿತೆಂದರೆ ಗಾಯ ವಾಸಿಯಾಯಿತೆಂದು ನಂಬುವ ನಮ್ಮ ರೂಢಿಯೇ ಇಲ್ಲಿ ದೊಡ್ಡ ಶತ್ರು. ಕೈಗೆ ಆಳವಾದ ಗಾಯವಾದವರ ರಕ್ತಸ್ರಾವವನ್ನು ಮೊದಲು ತಡೆಯಿರಿ. ಬಳಿಕ ಅವರು ಕಣ್ಣುಮುಚ್ಚಿರುವಾಗ ಒಂದೊಂದು ಬೆರಳತುದಿಯನ್ನೂ ಮೃದುವಾಗಿ ಮುಟ್ಟಿ, ತಿಳಿಯುತ್ತದೆಯೇ ಎಂದು ಕೇಳಿರಿ. ಬೆರಳುಗಳನ್ನು ಮಡಿಸಿ, ಅಗಲಿಸಿ ತೋರಿಸಲು ಹೇಳಿರಿ. ಕೊರತೆ ಕಂಡುಬಂದರೆ ಆ ದಿನವೇ ಶಸ್ತ್ರವೈದ್ಯರಿಗೆ ತೋರಿಸತಕ್ಕದ್ದು. 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜುಳ್ಳ ಮಣಿಪಾಲ ಕಟಪಾಡಿಗೆ ದೂರವೇನಲ್ಲ. ಸೇತುವೆಯ ಒಂದು ಕಂಬವನ್ನು ವಿಜ್ಞಾನ ನಿಲ್ಲಿಸಿದೆ. ಇನ್ನೊಂದನ್ನು ನಿಲ್ಲಿಸಬೇಕಾದುದು ಜನರ ಎಚ್ಚರ.