ಬೀಗದ ಕೈಯೂ ಫಿಟ್ಸೂ

"ಸಾರ್, ನಮ್ಮ ಮೂರು ತಿಂಗಳ ಪಾಪುವಿಗೆ ಜ್ವರವಿಲ್ಲದೆ ಫಿಟ್ಸ್ ಬಂತು. ಅಜ್ಜಿ ಕೈಗೆ ಬೀಗದ ಕೈ ಹಿಡಿಸಿದರು, ನಿಂತಿತು. ಡಾಕ್ಟರು ಕ್ಯಾಲ್ಸಿಯಂ ಕಡಿಮೆ ಅಂದರು. ಅದು ಮೂಳೆಗಲ್ಲವೇ?" ಎಂಟನೇ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಮೆಲ್ಲಗೆ ಕೇಳಿದ.

ಒಳ್ಳೆಯ ಪ್ರಶ್ನೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ಉಳಿದ ಚೂರು ನರಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ರಕ್ತದಲ್ಲಿ ಅದು ತೀರಾ ಇಳಿದರೆ ನರಕೋಶಗಳ ಸೋಡಿಯಂ ಬಾಗಿಲುಗಳು ಸುಲಭವಾಗಿ ತೆರೆದುಕೊಂಡು ಬೇಡದ ಸಂಕೇತಗಳು ಹೊರಡುತ್ತವೆ. ಮೈ ಸೆಟೆದು ಅದುರುತ್ತದೆ.

ಹಸುಗೂಸುಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು ವಿಟಮಿನ್ ಡಿ ಕೊರತೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರದು. ಎದೆಹಾಲಿನಲ್ಲಿ ಈ ವಿಟಮಿನ್ ಕಡಿಮೆ. ಹಾಗೆಂದು ಹಾಲು ಬಿಡಿಸಬಾರದು. ಮೊದಲ ವರ್ಷ ದಿನಕ್ಕೆ 400 ಯೂನಿಟ್‌ನಷ್ಟು ಹನಿಯನ್ನು ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಬೀಗದ ಕೈ? ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಹೆಸರು ಮಾತ್ರ ಬೀಗದ ಕೈಗೆ! ಪೋಷಕರೇ, ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ನಿಂತಿತಲ್ಲ ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಜಯನಗರ, ಬಿಟಿಎಂ ಕಡೆಯವರಿಗೆ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ದೂರವೇನಲ್ಲ.

ಆ ಹುಡುಗನಿಗೆ ಹೇಳಿದೆ: "ಅಜ್ಜಿಯನ್ನು ಗದರಬೇಡಪ್ಪಾ, ಕೂರಿಸಿಕೊಂಡು ವಿವರಿಸು."