ಹಸುವಿಗೆ ನಂಬರ್ ಇದೆ, ಬಾವಿಗೆ ಯಾಕಿಲ್ಲ?

ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಕರೆಂಟ್ ಮೀಟರಿಗೆ ಆರ್.ಆರ್. ನಂಬರ್ ಇದೆ. ಗದ್ದೆಗೆ ಸರ್ವೆ ನಂಬರ್ ಇದೆ. ಮೂರು ತಲೆಮಾರಿಗೆ ನೀರು ಕೊಟ್ಟ ಮನೆಯ ಬಾವಿಗೆ ಮಾತ್ರ ಎಲ್ಲ ಇಲಾಖೆಗಳೂ ಒಪ್ಪುವ ಒಂದು ಕಾಯಂ ನಂಬರ್ ಇಲ್ಲ. ಬಂದ ಯೋಜನೆಯವರು ತಮಗೆ ತೋಚಿದ ನಂಬರ್ ಕೊಟ್ಟು, ಅಳೆದು, ಹೋಗುತ್ತಾರೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಬಾವಿಯ ಲೆಕ್ಕ ಕೇಳುವವರಿಗೇನೂ ಬರಗಾಲವಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೆ ಅದರದ್ದೇ ಬಾವಿಗಳಿವೆ. ಸಣ್ಣ ನೀರಾವರಿ ಗಣತಿಯವರು ಎಣಿಸುತ್ತಾರೆ. ದೊಡ್ಡ ಯೋಜನೆ ಬಂದರೆ ಪರಿಸರ ವರದಿಗೆಂದು ಸುತ್ತಲಿನ ಬಾವಿಗಳ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಂಶೋಧನೆ ಮಾಡುವವರೂ ಬರುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಎಷ್ಟು ಆಳ, ಮೇ ತಿಂಗಳಲ್ಲಿ ಬತ್ತುತ್ತದೆಯೇ, ಉಪ್ಪಾಗುತ್ತದೆಯೇ? ಮನೆಯವರು ಉತ್ತರ ಹೇಳುತ್ತಾರೆ, ಚಹಾನೂ ಕೊಡುತ್ತಾರೆ. ಆಮೇಲೆ ಯೋಜನೆ ಮುಗಿಯುತ್ತದೆ. ಲೆಕ್ಕ ಯಾವುದೋ ಪಿಡಿಎಫ್ ವರದಿಯ ಕೊನೆಯ ಪುಟಗಳಲ್ಲಿ ಮಲಗುತ್ತದೆ. ಮುಂದಿನವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ.

ನನ್ನ ವಾದ ಇಷ್ಟೇ. ಬಾವಿಯ ಲೆಕ್ಕ ಯೋಜನೆಯ ಆಸ್ತಿಯಲ್ಲ, ಊರಿನ ಆಸ್ತಿ. ಒಂದು ಯೋಜನೆಯಿಂದ ಇನ್ನೊಂದಕ್ಕೆ ಹೋಗಲಾರದ ಲೆಕ್ಕಕ್ಕೆ ಸರ್ಕಾರ ಬಿಲ್ ಪಾಸು ಮಾಡಬಾರದು.

ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ಗೊತ್ತೇ? ಅಂತರ್ಜಲದ ‘ಮಾಡೆಲ್’ಗೆ. ಅಂದರೆ ನಮ್ಮ ಕಾಲ ಕೆಳಗಿನ ನೆಲವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಚಿರೇಕಲ್ಲು ಎಷ್ಟು ದಪ್ಪ, ಕೆಳಗೆ ಬಂಡೆ ಎಲ್ಲಿ, ಮಳೆ ನೀರು ಎಷ್ಟು ಇಳಿಯುತ್ತದೆ, ಪಂಪು ಎಷ್ಟು ಎಳೆಯುತ್ತದೆ, ಸಮುದ್ರದ ನೀರು ಎಲ್ಲಿಯವರೆಗೆ ಬಂದಿದೆ ಎಂದು ಲೆಕ್ಕ ಹಾಕುವುದು. ಅಮೆರಿಕದ ಭೂವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಮಾಡಿದ ಮಾಡ್‌ಫ್ಲೋ ಎಂಬ ಪ್ರೋಗ್ರಾಂ ಇದಕ್ಕೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ, ಪುಕ್ಕಟೆಯಾಗಿ ಸಿಗುತ್ತದೆ. ಅದು ನೆಲವನ್ನು ಚೌಕಗಳಾಗಿ, ಪದರಗಳಾಗಿ ಕತ್ತರಿಸುತ್ತದೆ. ಬಾವಿಯನ್ನು ‘ಇಷ್ಟನೇ ಸಾಲು, ಇಷ್ಟನೇ ಕಾಲಂ, ಇಷ್ಟನೇ ಪದರ’ ಎಂದು ಬರೆದಿಡುತ್ತಾರೆ. ಆ ಮಾಡೆಲಿನೊಳಗೆ ಅದು ಸರಿ. ಆದರೆ ಮುಂದಿನವರು ಬೇರೆ ಅಳತೆಯ ಚೌಕ ಹಾಕುತ್ತಾರೆ. ಆಗ ಆ ವಿಳಾಸಕ್ಕೆ ಅರ್ಥವೇ ಇಲ್ಲ. ‘ಕುಮಟಾ ಬಸ್ಸಿನಲ್ಲಿ ಮೂರನೇ ಸೀಟಿನಲ್ಲಿ ಕೂತವರು’ ಎಂದು ಪತ್ರದ ಮೇಲೆ ಬರೆದರೆ ಅಂಚೆಯಣ್ಣ ಯಾರ ಮನೆಗೆ ಹೋಗಬೇಕು?

ಅಕ್ಷಾಂಶ ರೇಖಾಂಶ ಬರೆದರೂ ಗೊಂದಲ ತಪ್ಪಿದ್ದಲ್ಲ. ಕುಮಟಾ ಪೇಟೆ ಇರುವುದು ಸುಮಾರು 14 ಡಿಗ್ರಿ 26 ನಿಮಿಷ ಉತ್ತರ, 74 ಡಿಗ್ರಿ 25 ನಿಮಿಷ ಪೂರ್ವದಲ್ಲಿ. ಒಬ್ಬರು ಹೀಗೆ ಬರೆದದ್ದನ್ನು ಇನ್ನೊಬ್ಬರು 14.26, 74.25 ಎಂದು ತುಂಬಿದರೆ ಮುಗಿಯಿತು. ಕುಮಟೆಯ ಬಾವಿ ಹೊನ್ನಾವರದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ! ಸಮುದ್ರದಲ್ಲಿ ಬಿದ್ದ ಬಾವಿಯಾದರೆ ಯಾರಾದರೂ ಕಂಡು ಹಿಡಿದಾರು. ಹಳೆಯ ಸರ್ವೆ ನಕ್ಷೆಯ ಲೆಕ್ಕಕ್ಕೂ ಇಂದಿನ ಜಿಪಿಎಸ್ ಲೆಕ್ಕಕ್ಕೂ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಅಷ್ಟು ಸರಿದ ಬಾವಿ ಹಳ್ಳದ ಆಚೆ ದಡಕ್ಕೆ ಹೋಗಿ ಕೂತರೆ ಯಾರಿಗೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬಾವಿಕಟ್ಟೆಯದ್ದು. ನೀರು 20 ಅಡಿ ಕೆಳಗಿದೆ ಎಂದು ಬರೆದಿದ್ದಾರೆ. ಎಲ್ಲಿಂದ 20 ಅಡಿ? ಕಟ್ಟೆಯ ಮೇಲಿಂದಲೋ, ನೆಲದಿಂದಲೋ? ಎರಡೂವರೆ ಅಡಿಯ ಮಾತು ತಾನೇ ಎನ್ನಬೇಡಿ. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಏಕೆಂದರೆ ಸಮುದ್ರದ ನೀರು ಭಾರ. ನೂರು ವರ್ಷಕ್ಕೂ ಹಳೆಯ ಲೆಕ್ಕವೊಂದಿದೆ: ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ, ಆ ಮಟ್ಟದಿಂದ ಕೆಳಗೆ ಅಂದಾಜು 40 ಅಡಿಯವರೆಗೆ ಸಿಹಿನೀರು ಇರುತ್ತದೆ. ಅಂದರೆ ಕಟ್ಟೆಯ ಎರಡೂವರೆ ಅಡಿ ತಪ್ಪಿದರೆ ಕೆಳಗೆ ನೂರು ಅಡಿ ತಪ್ಪುತ್ತದೆ. ನೆಲದಿಂದ ಅಳೆದದ್ದನ್ನು ಮುಂದಿನವರು ಕಟ್ಟೆಯಿಂದ ಎಂದುಕೊಂಡರೆ, ಇಲ್ಲದ ನೂರು ಅಡಿ ಸಿಹಿನೀರು ಕಾಗದದ ಮೇಲೆ ಹುಟ್ಟುತ್ತದೆ. ಅದನ್ನು ನಂಬಿ ಬೋರ್ ಕೊರೆದರೆ ಉಪ್ಪು ಕುಡಿಯುವವರು ಮಾಡೆಲ್ ಮಾಡಿದವರಲ್ಲ.

ಇಷ್ಟಕ್ಕೇ ನಿಲ್ಲುವುದಿಲ್ಲ. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಬಾವಿ ಬತ್ತುತ್ತವೆ. ಚಿರೇಕಲ್ಲು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಶರಾವತಿಯ ಕೆಳದಂಡೆಯಲ್ಲಿ, ಅಘನಾಶಿನಿಯ ಗಜನಿ ಪಕ್ಕದಲ್ಲಿ ಉಪ್ಪಿನ ಭಯವೂ ಇದೆ. ನಾಳೆ ಅಣೆಕಟ್ಟೆಯಿಂದ ಬಿಡುವ ನೀರು ಬದಲಾಗಬಹುದು, ಒಡ್ಡು ಒಡೆಯಬಹುದು, ಬಂದರು ಬರಬಹುದು, ಹೆದ್ದಾರಿಗೆ ಗುಡ್ಡ ಕಡಿಯಬಹುದು. ಬಾವಿ ಕೆಟ್ಟಾಗ ‘ಮೊದಲು ಸಿಹಿಯಿತ್ತು ಸ್ವಾಮಿ’ ಎಂದು ನಾವು ಹೇಳಿದರೆ ಎದುರಿನವರ ಪ್ರಶ್ನೆ ಒಂದೇ: ದಾಖಲೆ ಎಲ್ಲಿದೆ? ದಾಖಲೆ ತೆಗೆದುಕೊಂಡು ಹೋದವರೂ ಅವರೇ, ಕೇಳುವವರೂ ಅವರೇ. ಹಳೆಯ ಲೆಕ್ಕ ಕೈಯಲ್ಲಿ ಇಲ್ಲದ ಊರು ಪರಿಹಾರದ ಅರ್ಜಿಯಲ್ಲಿ ಮೊದಲೇ ಸೋತಿರುತ್ತದೆ.

‘ಒಂದು ಮಾಡೆಲಿನ ಲೆಕ್ಕ ಇನ್ನೊಂದಕ್ಕೆ ಒಗ್ಗುವುದಿಲ್ಲ’ ಎನ್ನುವವರಿದ್ದಾರೆ. ಅರ್ಧ ನಿಜ. ಅಳೆದದ್ದು ಬೇರೆ, ಊಹಿಸಿದ್ದು ಬೇರೆ. ಕಲ್ಲಿನಲ್ಲಿ ನೀರು ಹರಿಯುವ ವೇಗ ಇಷ್ಟಿರಬಹುದು ಎಂದು ಮಾಡೆಲಿಗೆ ಹೊಂದುವಂತೆ ಹಾಕಿದ ಅಂಕಿಯನ್ನು ಕಣ್ಣುಮುಚ್ಚಿ ನಕಲು ಮಾಡಬಾರದು. ಆದರೆ ಹಗ್ಗ ಇಳಿಸಿ ಅಳೆದ ನೀರಿನ ಮಟ್ಟ, ಅಳೆದ ದಿನ, ಬಾವಿಯ ಆಳ ಯಾರ ಮಾಡೆಲಿನಲ್ಲೂ ಬದಲಾಗುವುದಿಲ್ಲ. ಎರಡನ್ನೂ ಒಂದೇ ಫೈಲಿನಲ್ಲಿ ಕಲಸಿಟ್ಟವರು ಈಗ ಬೇರ್ಪಡಿಸಲಾಗದು ಎಂದರೆ ಅದು ವಿಜ್ಞಾನವಲ್ಲ, ಸೋಮಾರಿತನ.

‘ಖಾಸಗಿ ಬಾವಿ, ಮಾಹಿತಿ ಕೊಡಲಾಗದು’ ಎಂಬುದು ಇನ್ನೊಂದು ನೆಪ. ಯಜಮಾನರ ಹೆಸರು ಬೇಡ, ಫೋನ್ ನಂಬರ್ ಬೇಡ. ಬಾವಿಯ ನಂಬರ್ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಕೇಳುವ ಮೊದಲೇ ಮಾಹಿತಿ ಪ್ರಕಟಿಸಿ ಎನ್ನುತ್ತದೆ. ಕೇಂದ್ರ ಸರ್ಕಾರದ 2012ರ ದತ್ತಾಂಶ ಹಂಚಿಕೆ ನೀತಿ, ಜನರ ದುಡ್ಡಿನಲ್ಲಿ ಸಂಗ್ರಹಿಸಿದ್ದನ್ನು ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಕೊಡಿ ಎನ್ನುತ್ತದೆ. ಕೇಂದ್ರ ಮಂಡಳಿಯ ನೀರಿನ ಮಟ್ಟದ ಅಂಕಿಗಳು ಇಂಡಿಯಾ-ಡಬ್ಲ್ಯುಆರ್‌ಐಎಸ್ ಜಾಲತಾಣದಲ್ಲಿ ಸಿಗುತ್ತವೆ. ಅವರಿಗೆ ಆದದ್ದು ಉಳಿದವರಿಗೆ ಯಾಕೆ ಆಗುವುದಿಲ್ಲ?

ಬೇಕಾದದ್ದು ಕೋಟಿಯ ಯೋಜನೆಯಲ್ಲ, ಎಕ್ಸೆಲ್ ಶೀಟಿನ ಎಂಟು ಕಾಲಂ: ಬಾವಿಯ ಕಾಯಂ ನಂಬರ್, ಜಿಪಿಎಸ್ ಸ್ಥಾನ, ಸಮುದ್ರ ಮಟ್ಟದಿಂದ ನೆಲದ ಎತ್ತರ, ಕಟ್ಟೆಯ ಎತ್ತರ, ಬಾವಿಯ ಆಳ, ಅಳೆದ ದಿನ, ಕಟ್ಟೆಯಿಂದ ನೀರಿಗೆ ಎಷ್ಟು ಅಡಿ, ಅಳೆದವರು ಯಾರು. ಉಪ್ಪಿನ ಪರೀಕ್ಷೆ ಮಾಡಿದ್ದರೆ ಒಂಬತ್ತನೆಯದು. ಇದು ಗ್ರಾಮ ಪಂಚಾಯತಿಯಲ್ಲಿ ಇರಬೇಕು. ಯಾವ ಯೋಜನೆಯವರೂ ಇದರಿಂದಲೇ ಶುರು ಮಾಡಬೇಕು, ಇದಕ್ಕೇ ಸೇರಿಸಿ ಹೋಗಬೇಕು. ಟೆಂಡರಿನಲ್ಲಿ ಒಂದು ಸಾಲು ಬರೆದರೆ ಸಾಕು: ಶೀಟ್ ಕೊಡದೆ ಕೊನೆಯ ಕಂತಿಲ್ಲ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಬಾವಿ ರಿಜಿಸ್ಟರ್ ಬೇಕೆಂದು ಠರಾವು ಬರೆಸಿ. ಅಳೆಯಲು ಬಂದವರ ಹೆಸರು, ಇಲಾಖೆ ಕೇಳಿ. ಎಲ್ಲಿಂದ ಅಳೆದಿರಿ, ಕಟ್ಟೆಯಿಂದಲೋ ನೆಲದಿಂದಲೋ ಎಂದು ಕೇಳಿ. ಅವರು ಬರೆದುಕೊಂಡ ಹಾಳೆಯ ಫೋಟೋ ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಒಂದು ಪ್ರತಿ ಪಿಡಿಒಗೆ ಕೊಡಿ. ಕೊಡುವುದಿಲ್ಲ ಎಂದವರನ್ನು ಯಾಕೆ ಕೊಡುವುದಿಲ್ಲ ಎಂದು ಕೇಳಿ. ಚಹಾ ಬೇಕಾದರೆ ಕೊಡಿ.